ಕಾಗದವಿಲ್ಲದ ಪೆಪ್ಪರಮೆಂಟು

ಸಾಂತಾ ರೀತಾದಲ್ಲಿ ಭಾನುವಾರ ಬೆಳಗ್ಗೆ ಹನ್ನೊಂದರಿಂದ ಒಂದರವರೆಗೆ ಯಾರೂ ಕೆಮ್ಮುವ ಹಾಗಿರಲಿಲ್ಲ. ನಗರಸಭೆಯವರು ಹಾಗೊಂದು ಕಾನೂನು ಮಾಡಿದ್ದರೆಂದಲ್ಲ, ಸೆಲೆದೋನಿಯಾ ಮಾಡಿದ್ದಳು. ರಂಗಮಂದಿರದ ಬಾಗಿಲಲ್ಲಿ ತಗಡಿನ ಡಬ್ಬಿ ಹಿಡಿದು ನಿಂತು, ಸಂಗೀತ ಕೇಳಲು ಒಳಗೆ ಹೋಗುವ ಪ್ರತಿಯೊಬ್ಬರ ಅಂಗೈಗೂ ಎರಡೆರಡು ಪೆಪ್ಪರಮೆಂಟು ಹಾಕುತ್ತಿದ್ದಳು. ಜೇನುತುಪ್ಪ, ಸಕ್ಕರೆ, ನೀಲಗಿರಿ ಎಲೆಯ ರಸ ಕಾಯಿಸಿ ಶನಿವಾರ ಅವಳೇ ಮಾಡಿದ್ದು. ಕಾಗದ ಸುತ್ತಿದ್ದಲ್ಲ, ಒಂದಕ್ಕೊಂದು ಅಂಟದಂತೆ ಪುಡಿಸಕ್ಕರೆಯಲ್ಲಿ ಹೊರಳಿಸಿದ್ದು, ಅಷ್ಟೆ.

"ಒಂದು ಈಗ, ಇನ್ನೊಂದು ನಿಧಾನದ ಭಾಗ ಬಂದಾಗ," ಎನ್ನುವಳು. "ಕಚ್ಚಬೇಡಿ. ಚೀಪಿ."

ಚಳಿಗಾಲದಲ್ಲಿ ನದಿಯ ಮಂಜು ಊರೊಳಗೆ ಬಂದು ಮಲಗಿಬಿಡುತ್ತಿತ್ತು. ಜೂನ್‌ನಿಂದ ಸೆಪ್ಟೆಂಬರಿನ ತನಕ ಅಲ್ಲಿ ಚಳಿಗಾಲ, ಆಗೆಲ್ಲ ಎಲ್ಲರ ಎದೆಯಲ್ಲೂ ಒಂದೊಂದು ಬೆಕ್ಕು ಗುರುಗುಟ್ಟುತ್ತಿತ್ತು. ಆ ಬೆಕ್ಕುಗಳನ್ನೆಲ್ಲ ಎರಡು ಗಂಟೆ ಕಾಲ ಮಲಗಿಸುವುದು ಸೆಲೆದೋನಿಯಾಳ ಕೆಲಸ. ಹೆಂಗಸರು ಪೆಪ್ಪರಮೆಂಟು ಈಸಿಕೊಳ್ಳಲು ಬಲಗೈಯ ಗವಸು ಕಳಚುತ್ತಿದ್ದರು. ಸಕ್ಕರೆ ಮೆತ್ತಿದ ಕೈಗೆ ಮತ್ತೆ ಗವಸು ಏರಿಸುವುದು ಹೇಗೆ? ಹಾಗಾಗಿ ಆ ಊರಿನ ಚಪ್ಪಾಳೆಯೇ ಬೇರೆ, ಒಂದು ಬರಿಗೈ, ಒಂದು ಗವಸಿನ ಕೈ. ಸಂಗೀತವನ್ನು ಬಿತ್ತರಿಸುವ ಊರಿನ ರೇಡಿಯೊದಲ್ಲಿ ಅದು ಪಾರಿವಾಳದ ಹಿಂಡು ಎದ್ದು ಹಾರಿದಂತೆ ಮೆತ್ತಗೆ ಕೇಳುತ್ತಿತ್ತು. ನದಿಯಾಚೆಯ ಅರ್ಜೆಂಟೀನಾದವರು ಕೂಡ ಚಪ್ಪಾಳೆ ಕೇಳಿಯೇ ಸಾಂತಾ ರೀತಾ ಎಂದು ಗುರುತು ಹಿಡಿಯುತ್ತಿದ್ದರಂತೆ.

ಇದಕ್ಕೆಲ್ಲ ಮೂಲ ಒಂದು ಮಳೆ. ಬಾರದೆ ಹೋದ ಮಳೆ.

ನಲವತ್ತೊಂಬತ್ತನೆಯ ಇಸವಿಯಲ್ಲಿ ಮೊದಲ ಸಲ ರಾಜಧಾನಿ ಮೊಂತೆವಿದೇವೊದ ರೇಡಿಯೊದವರು ಸಾಂತಾ ರೀತಾದ ವಾದ್ಯವೃಂದವನ್ನು ಇಡೀ ದೇಶಕ್ಕೆ ಕೇಳಿಸುತ್ತೇವೆಂದು ಒಪ್ಪಿದ್ದರು. ಕೆಮ್ಮು ಕೇಳಬಾರದೆಂದು ಯಾರೋ ಅಂಗಡಿಯಿಂದ ಪೆಪ್ಪರಮೆಂಟು ತರಿಸಿ ಹಂಚಿದರು. ಎಲ್ಲಾ ಗರಿಗರಿ ಕಾಗದ ಸುತ್ತಿದವು. ನಿಧಾನದ ಭಾಗ ಶುರುವಾಯಿತು, ಇನ್ನೂರು ಜನ ಒಟ್ಟಿಗೆ ಕಾಗದ ಬಿಚ್ಚಿದರು. ಮೆಲ್ಲಗೆ ಬಿಚ್ಚಿದರೆ ಸದ್ದಾಗದೆಂದು ಮೆಲ್ಲಗೆ, ಇನ್ನೂ ಮೆಲ್ಲಗೆ, ಹತ್ತು ನಿಮಿಷ ಬಿಚ್ಚಿದರು. ರೇಡಿಯೊದ ಮುಂದೆ ಕುಳಿತವರಿಗೆ ಕೇಳಿಸಿದ್ದು ಮಳೆ. ಹೆಂಗಸರು ಅಂಗಳಕ್ಕೆ ಓಡಿ ಒಣಹಾಕಿದ ಬಟ್ಟೆ ಎಳೆದುಕೊಂಡರು. ಮಳೆ ಎಂದಮೇಲೆ ಕರಿದ ರೊಟ್ಟಿ ಇರಲೇಬೇಕಲ್ಲ. ಬಿಸಿಲು ಕಣ್ಣಿಗೆ ಹೊಡೆಯುತ್ತಿದ್ದರೂ, ಊರ ಮಧ್ಯದಲ್ಲಿ ಸುರಿಯುತ್ತಿರುವುದು ಇನ್ನೇನು ಇಲ್ಲಿಗೂ ಬಂತು ಎಂದು ಹಿಟ್ಟು ಕಲಸಿದರು, ಒಲೆಗೆ ಕೊಬ್ಬು ಇಟ್ಟರು. ಸಂಗೀತ ಮುಗಿಸಿ ಹೊರಗೆ ಬಂದವರಿಗೆ ನೀಲಿ ಆಕಾಶದ ಕೆಳಗೆ ಇಡೀ ಊರು ರೊಟ್ಟಿ ಕರಿಯುವ ವಾಸನೆ. ರಾಜಧಾನಿಯವರು ಒಂದು ಸಾಲಿನ ಕಾಗದ ಬರೆದರು: "ನಿಮ್ಮ ರಂಗಮಂದಿರದ ಮಾಡು ರಿಪೇರಿಯಾದ ಮೇಲೆ ತಿಳಿಸಿ."

ಆ ಮುಂದಿನ ವಾರದಿಂದ ಸೆಲೆದೋನಿಯಾ ಡಬ್ಬಿ ಹಿಡಿದು ನಿಂತಳು.

ಅಲ್ಲಿ ಅವಳ ನಿಜವಾದ ಕೆಲಸ ಕೋಟು ಕಾಯುವುದು. ಬಂದವರ ಕೋಟು, ಟೋಪಿ, ಕೊಡೆ ತೆಗೆದಿಟ್ಟು, ಹಿತ್ತಾಳೆಯ ಬಿಲ್ಲೆ ಕೊಟ್ಟು, ಮುಗಿದ ಮೇಲೆ ಹಿಂದಿರುಗಿಸುವುದು. ಇಪ್ಪತ್ತನಾಲ್ಕು ವರ್ಷ ಅದನ್ನೇ ಮಾಡಿದಳು. ಕೋಟುಗಳ ಕೋಣೆಗೂ ಸಭಾಂಗಣಕ್ಕೂ ನಡುವೆ ದಪ್ಪ ಉಣ್ಣೆ ಹೊದಿಸಿದ ಎರಡು ಬಾಗಿಲು. ಅವನ್ನು ದಾಟಿ ಬರುತ್ತಿದ್ದುದು ನಗಾರಿ ಮತ್ತು ದೊಡ್ಡ ಪಿಟೀಲುಗಳ ಗುಡುಗು ಮಾತ್ರ. ಅದೂ ಕಿವಿಗಲ್ಲ, ಅಂಗಾಲಿಗೆ. ನೆಲ ನಡುಗುತ್ತಿತ್ತು, ಕೋಟಿನ ತೋಳುಗಳು ಮೆಲ್ಲಗೆ ಅಲ್ಲಾಡುತ್ತಿದ್ದವು. ಒದ್ದೆ ಉಣ್ಣೆಯ, ತಂಬಾಕಿನ, ಸಾಬೂನಿನ ವಾಸನೆಯ ನಡುವೆ ಸ್ಟೂಲಿನ ಮೇಲೆ ಕುಳಿತು ಅವಳು ಕಣ್ಣು ಮುಚ್ಚುತ್ತಿದ್ದಳು. ಎಷ್ಟೋ ಸಲ ಆ ಕೋಟುಗಳೆಲ್ಲ ಮೊಳೆಯಿಂದ ಇಳಿದು ಜೋಡಿ ಜೋಡಿಯಾಗಿ ಕುಣಿಯುತ್ತಿರುವಂತೆ, ಪಾದ್ರಿಗಳ ಕಪ್ಪು ಕೋಟು ಬೇಕರಿಯವಳ ಕೆಂಪು ಶಾಲನ್ನು ತಬ್ಬಿಕೊಂಡಂತೆ ಕಾಣುತ್ತಿತ್ತು. ಎಚ್ಚರವೋ ನಿದ್ದೆಯೋ ಅವಳಿಗೇ ಗೊತ್ತಾಗುತ್ತಿರಲಿಲ್ಲ. ಹೀಗೆ ಎಷ್ಟೋ ಸಿಂಫನಿಗಳು ಅವಳಿಗೆ ಅಂಗಾಲಿನಿಂದ ಬಾಯಿಪಾಠವಾಗಿದ್ದವು.

ಆ ಬಾಗಿಲುಗಳನ್ನು ದಾಟದೆ ಉಳಿದವುಗಳಲ್ಲಿ ಅವಳನ್ನು ಕಾಡುತ್ತಿದ್ದುದು ಒಂದೇ. ಕೊಂಬು, ಸುರುಳಿ ಸುತ್ತಿದ ಹಿತ್ತಾಳೆಯ ಕೊಳವೆ. ಅದನ್ನು ಊದುತ್ತಿದ್ದವನು ಅವಳ ಗಂಡ ಒರೊಸ್ಮಾನ್.

ಬರೀ ಸಂಗೀತಕ್ಕೆ ಸಂಬಳ ಕೊಟ್ಟು ವಾದ್ಯವೃಂದ ಸಾಕುವಷ್ಟು ದೊಡ್ಡ ಊರಲ್ಲ ಅದು. ಆದರೆ ವಾದ್ಯವೃಂದ ಇಲ್ಲದ ಊರು ಎನ್ನಿಸಿಕೊಳ್ಳಲೂ ಮನಸ್ಸಿಲ್ಲ. ಅದಕ್ಕೆ ನಗರಸಭೆಯವರು ನುಡಿಸಬಲ್ಲವರಿಗೆಲ್ಲ ಒಂದೊಂದು ಕೆಲಸ ಕೊಟ್ಟು ಇಟ್ಟುಕೊಂಡಿದ್ದರು. ಮೊದಲ ಪಿಟೀಲಿನವನು ಜನನ ಮರಣದ ದಾಖಲೆ ಬರೆಯುತ್ತಿದ್ದ. ಕೊಳಲಿನವನು ಸ್ಮಶಾನದ ಕಚೇರಿಯಲ್ಲಿ. ನಗಾರಿಯವನು ಬೀದಿದೀಪದಲ್ಲಿ. ಒರೊಸ್ಮಾನ್ ನೀರಿನ ವಿಭಾಗದಲ್ಲಿ ಪೈಪು, ನಲ್ಲಿ ರಿಪೇರಿ. ಶನಿವಾರ ಮಧ್ಯಾಹ್ನ ತಾಲೀಮಿನ ಹೊತ್ತಿಗೆ ಆ ಊರಲ್ಲಿ ಹುಟ್ಟುವುದಕ್ಕೂ ಆಗದು, ಸಾಯುವುದಕ್ಕೂ ಆಗದು, ನಲ್ಲಿ ಸೋರಿದರೆ ಕೇಳುವವರೂ ಇಲ್ಲ ಎಂದು ಜನ ನಗುತ್ತಿದ್ದರು. ನಕ್ಕರೂ ಯಾರೂ ಬೇಡವೆನ್ನಲಿಲ್ಲ.

ಪಕ್ಕದ ಮನೆಯ ನಿಕಾಸಿಯಾಳ ಬಾಯಿ ಮಾತ್ರ ಸುಮ್ಮನಿರದು. "ವಾರವೆಲ್ಲ ಊರವರ ಪೈಪು, ಭಾನುವಾರ ತನ್ನ ಪೈಪು. ನಿನ್ನ ಗಂಡನಿಗೆ ಪೈಪು ಬಿಟ್ಟರೆ ಬೇರೆ ಲೋಕ ಇಲ್ಲವೇನೇ ಸೆಲೆ?" ಎನ್ನುವಳು. ತುಟಿ ಸುಟ್ಟರೆ ಕೊಂಬು ಊದಲಾಗದೆಂದು ಭಾನುವಾರ ಸೆಲೆದೋನಿಯಾಳ ಮನೆಯಲ್ಲಿ ಮಾಟೆಯನ್ನು, ಸೋರೆಬುರುಡೆಯಲ್ಲಿ ನಳಿಗೆಯಿಟ್ಟು ಹೀರುವ ಆ ಎಲೆಯ ಕಷಾಯವನ್ನು, ಉಗುರುಬೆಚ್ಚಗೆ ಕುಡಿಯುತ್ತಿದ್ದರು. ಆ ದೇಶದಲ್ಲಿ ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ. ನಿಕಾಸಿಯಾ ಒಂದು ಗುಟುಕು ಹೀರಿ ಸೋರೆಬುರುಡೆಯನ್ನು ಹಿಂದಕ್ಕೆ ಚಾಚುವಳು: "ಇದೇನು, ಪಾತ್ರೆ ತೊಳೆದ ನೀರಾ? ನಿನ್ನ ಗಂಡನ ತುಟಿ ಉಳೀಲಿ ಅಂತ ನಮ್ಮ ಹೊಟ್ಟೆ ಯಾಕೆ ತಣ್ಣಗಾಗಬೇಕು?"

ಹೀಗೆ ಬದುಕು ನಡೆದಿತ್ತು. ಐವತ್ತೆಂಟರ ಚಳಿಗಾಲದಲ್ಲಿ ಒಂದು ಸಂಜೆ ಒರೊಸ್ಮಾನ್ ಕೊಂಬಿನ ನಳಿಕೆಗಳನ್ನು ಬಿಚ್ಚಿ ಒರೆಸುತ್ತಾ ಹೇಳಿದ, "ಮುದುಕಿ, ಆಗಸ್ಟ್ ಹದಿನೇಳಕ್ಕೆ ನನ್ನದು ಮುಗೀತು."

ಅರವತ್ತು ತುಂಬಿದವರು ನಗರಸಭೆಯ ಕೆಲಸ ಬಿಡಬೇಕು. ನಲ್ಲಿ ಬಿಟ್ಟ ದಿನವೇ ಕೊಂಬೂ ಬಿಟ್ಟ ಹಾಗೆ.

"ಗೊತ್ತು," ಎಂದಳು ಸೆಲೆದೋನಿಯಾ.

"ಆವತ್ತು ಆ ದೊಡ್ಡ ಸಿಂಫನಿ ಇಟ್ಟುಕೊಂಡಿದಾರೆ. ಎರಡನೇ ಭಾಗದಲ್ಲಿ ಎಲ್ಲರೂ ತಗ್ಗಿಸ್ತಾರೆ, ಕೊಂಬು ಒಂದೇ ಎದ್ದು ನಿಲ್ಲುತ್ತೆ. ನಾನೊಬ್ಬನೇ."

"ಅದೂ ಗೊತ್ತು. ಬಚ್ಚಲ ಹಿಂದೆ ನಿಂತು ತುಂಡು ತುಂಡು ಊದ್ತಿರ್ತೀಯಲ್ಲ."

"ತುಂಡು ಬೇರೆ, ಇಡೀದು ಬೇರೆ ಕಣೇ." ಅವನು ಬಟ್ಟೆ ಕೆಳಗಿಟ್ಟ. "ಇಪ್ಪತ್ತನಾಲ್ಕು ವರ್ಷದಲ್ಲಿ ಈ ಊರಿನ ನಾಯಿ ಬೆಕ್ಕೂ ನನ್ನ ಕೊಂಬು ಕೇಳಿವೆ. ಕೇಳದೆ ಇರೋಳು ನೀನೊಬ್ಬಳೇ. ಆವತ್ತು ಒಳಗೆ ಕೂತ್ಕೋ."

"ಕೋಟುಗಳು?"

"ಕೋಟು ಎದ್ದು ಓಡಿಹೋಗಲ್ಲ. ನಿಕಾಸಿಯಾನ ಕೂರಿಸು. ಎಡಗಡೆ ಬಾಗಿಲ ಪಕ್ಕ ಒಂದು ಮಡಚೋ ಕುರ್ಚಿ ಹಾಕಿಸ್ತೀನಿ. ನನ್ನ ಜಾಗದಿಂದ ನೆಟ್ಟಗೆ ಕಾಣುತ್ತೆ. ನಾನು ಆ ಕುರ್ಚಿಗೇ ಊದೋದು."

ಆ ರಾತ್ರಿ ಸೆಲೆದೋನಿಯಾ ಹಾಸಿಗೆಯಲ್ಲಿ ಕಣ್ಣು ಬಿಟ್ಟುಕೊಂಡು ಆ ಕುರ್ಚಿಯನ್ನೇ ನೋಡುತ್ತಿದ್ದಳು. ಇಷ್ಟು ವರ್ಷ ಅವಳ ಸಂಗೀತದಲ್ಲಿ ಅವನಿರಲಿಲ್ಲ. ಮನೆಯಲ್ಲಿ ಅವನಿದ್ದ, ಸಂಗೀತವಿರಲಿಲ್ಲ; ಬರೀ ಚೂರುಗಳು. ಎರಡೂ ಒಂದೇ ಕಡೆ ಸೇರುವುದು ಆ ಒಂದು ಭಾನುವಾರ, ಹತ್ತು ಹನ್ನೆರಡು ನಿಮಿಷ.

ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಾಣಲೆಗೆ ಬಿತ್ತು ಎನ್ನುತ್ತಾರಲ್ಲ, ಹಾಗೇ ಆಯಿತು. ಆಗಸ್ಟ್ ಮೊದಲ ವಾರ ಸೆಲೆದೋನಿಯಾಳಿಗೆ ಕೆಮ್ಮು ಹಿಡಿಯಿತು. ಒಣ ಕೆಮ್ಮು, ಹೇಳದೆ ಕೇಳದೆ ಬರುವಂಥದ್ದು. ಕೆಂಪಗೆ ಸುಟ್ಟ ಸಕ್ಕರೆ ಹಾಕಿದ ಹಾಲು ಕುಡಿದಳು. ಸಕ್ಕರೆಯಲ್ಲಿ ನೆನೆಸಿದ ಈರುಳ್ಳಿಯ ರಸ ಕುಡಿದಳು. ಎದೆಗೆ ಸಾಸಿವೆ ಪಟ್ಟು ಹಾಕಿದಳು. ತನ್ನದೇ ಪೆಪ್ಪರಮೆಂಟನ್ನು ಎಷ್ಟು ತಿಂದರೂ ಅವಳ ಗಂಟಲು ಅದಕ್ಕೆ ಸೊಪ್ಪು ಹಾಕಲಿಲ್ಲ. ವರ್ಷಗಟ್ಟಲೆ ಮಾಡಿ ರುಚಿ ನೋಡಿ ಆ ಮದ್ದು ಅವಳ ಪಾಲಿಗೆ ಬರೀ ಸಿಹಿಯಾಗಿತ್ತು.

"ಮನೇಲಿ ಕೂತು ರೇಡಿಯೊದಲ್ಲಿ ಕೇಳು," ಎಂದಳು ನಿಕಾಸಿಯಾ. "ಕಂಬಳಿ ಹೊದ್ದುಕೊಂಡು ಆರಾಮಾಗಿ."

"ಅವನು ಕುರ್ಚಿಗೆ ಊದ್ತಾನಂತೆ."

"ಹಾಗಾದ್ರೆ ಕುರ್ಚೀನೇ ಮನೆಗೆ ತಂದ್ಕೋ!"

ಶನಿವಾರ ದೋನ್ ಎವಾರಿಸ್ತೊ ಬಂದ. ಭಾನುವಾರಗಳಂದು ರೇಡಿಯೊದಲ್ಲಿ ಸಂಗೀತವನ್ನು ಪರಿಚಯಿಸುತ್ತಿದ್ದವನು ಅವನು. ಮೂರನೆಯ ಬಾಲ್ಕನಿಯ ಪರದೆ ಹಿಂದೆ, ತಲೆಯ ಮೇಲೆ ಕಂಬಳಿ ಎಳೆದುಕೊಂಡು, ಮೈಕಿನ ಕಿವಿಯಲ್ಲಿ ಗುಟ್ಟು ಹೇಳುವಂತೆ ಪಿಸುಗುಡುತ್ತಿದ್ದ. ಇಡೀ ಊರಿಗೆ ಅವನ ಪಿಸುಮಾತು ಗೊತ್ತು. ಗಟ್ಟಿಯಾಗಿ ಮಾತಾಡಿದರೆ ಯಾರೆಂದು ಗುರುತೇ ಸಿಗದು.

"ದೋನ್ಯಾ ಸೆಲೆ," ಎಂದ, ಮರ್ಯಾದೆಯಿಂದ ಟೋಪಿ ತೆಗೆದು. "ಒಂಬತ್ತು ವರ್ಷದ ಮೇಲೆ ರಾಜಧಾನಿಯವರು ಮತ್ತೆ ನಮ್ಮನ್ನ ತಗೋತಾ ಇದಾರೆ. ನಾಳೆ ಸರಿಹೋದರೆ ತಿಂಗಳಿಗೊಂದು ಭಾನುವಾರ ನಮ್ಮದೇ. ಟೇಪಿಗೂ ಹಿಡೀತಾರಂತೆ. ಯಾರು ಬೇಕಾದರೂ ಅಪಸ್ವರ ನುಡಿಸಲಿ, ಕೆಮ್ಮು ಮಾತ್ರ ಬೇಡ. ನಿಮ್ಮ ಕೈಲಿದೆ."

"ನಾನಿರುವಾಗ ಯಾರು ಕೆಮ್ಮುತ್ತಾರೆ?" ಎಂದಳು ಸೆಲೆದೋನಿಯಾ. ಅವನು ಬೀದಿ ತಿರುವಿನಲ್ಲಿ ಮರೆಯಾಗುವ ತನಕ ಉಸಿರು ಹಿಡಿದಿದ್ದು, ಆಮೇಲೆ ಅಡುಗೆಮನೆಯ ಗೋಡೆಗೆ ಕೈಯೂರಿ ಕಣ್ಣಲ್ಲಿ ನೀರು ಬರುವಂತೆ ಕೆಮ್ಮಿದಳು.

ಭಾನುವಾರ ಮಂಜು ನೆಲಕ್ಕೆ ಅಂಟಿತ್ತು. ಡಬ್ಬಿ ಖಾಲಿಯಾಯಿತು. ಕೋಟುಗಳನ್ನು ನಿಕಾಸಿಯಾಳ ಕೈಗೆ ಕೊಟ್ಟು, ಬಿಲ್ಲೆಗಳ ಲೆಕ್ಕ ಎರಡು ಸಲ ಹೇಳಿ, ಸೆಲೆದೋನಿಯಾ ಒಳಗೆ ಹೋಗಿ ಮಡಚುವ ಕುರ್ಚಿಯ ಮೇಲೆ ಕುಳಿತಳು. ಬಾಗಿಲ ಮೇಲಿನ ಕೆಂಪು ದೀಪ ಹತ್ತಿತು. ಆ ದೀಪ ಹತ್ತಿದ ಮೇಲೆ ಹೊರಗಿನವರು ಒಳಗಿಲ್ಲ; ಹೊರಗೆ ಹೋದವರು ಆ ಸಿಂಫನಿ ಮುಗಿಯುವ ತನಕ ಮತ್ತೆ ಬರುವಂತಿಲ್ಲ. ಹಿಂದೊಮ್ಮೆ ಊರಿನ ಮೇಯರನ್ನೇ ಆ ನಿಯಮದ ಮೇಲೆ ಅರ್ಧ ಗಂಟೆ ಹೊರಗೆ ನಿಲ್ಲಿಸಿದವಳು ಇದೇ ಸೆಲೆದೋನಿಯಾ.

ಮೊದಲ ಭಾಗ ಅವಳ ತಲೆಯ ಮೇಲೆ ಹಾದುಹೋಯಿತು. ಇಷ್ಟೊಂದು ಸದ್ದು, ಇಷ್ಟೊಂದು ಬೆಳಕು! ಅಂಗಾಲಿಗೆ ಗೊತ್ತಿದ್ದುದಕ್ಕೆಲ್ಲ ಈಗ ಮುಖ, ಮೂಗು, ಕೂದಲು ಬಂದಿದ್ದವು. ಹಿಂದಿನ ಸಾಲಿನಲ್ಲಿ ಒರೊಸ್ಮಾನ್ ಕೊಂಬಿನ ಊದುವ ತುದಿಯನ್ನು ಕಳಚಿ ಜೇಬಿನಲ್ಲಿಟ್ಟು ಬೆಚ್ಚಗೆ ಮಾಡಿಕೊಳ್ಳುತ್ತಿದ್ದ. ಅವಳ ಕಡೆ ನೋಡಿ ಹುಬ್ಬು ಹಾರಿಸಿದ. ಅರವತ್ತರ ಗಂಡಸಿಗೆ ಇಪ್ಪತ್ತರ ಹುಬ್ಬು.

ಎರಡನೆಯ ಭಾಗ ಶುರುವಾಯಿತು. ದೊಡ್ಡ ಪಿಟೀಲುಗಳು ಕತ್ತಲ ನೀರಿನಂತೆ ಮೆಲ್ಲಗೆ ತುಂಬಿಕೊಂಡವು. ಇದು ಅವಳಿಗೆ ಗೊತ್ತು. ಇದು ಕೋಟುಗಳ ತೋಳು ಅಲ್ಲಾಡುವ ಜಾಗ. ಇನ್ನು ಸ್ವಲ್ಪ ಹೊತ್ತಿಗೆ ಕೊಂಬು. ಅಷ್ಟರಲ್ಲಿ ಗಂಟಲೊಳಗೆ ಇರುವೆಯೊಂದು ನಡೆಯತೊಡಗಿತು.

ಎಂಜಲು ನುಂಗಿದಳು. ಶಾಲು ಕಚ್ಚಿದಳು. ಇರುವೆ ಮೇಲಕ್ಕೇ ಬಂತು. ತಡೆದರೆ ಒಂದಲ್ಲ, ಇಪ್ಪತ್ತು ಬರುತ್ತವೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಆ ಊರಲ್ಲಿ ಯಾರಿದ್ದರು? ಕುಳಿತರೆ ಅವನ ಹಾಡು ಹಾಳು. ಎದ್ದರೆ ತನಗೆ ಅದು ಇಲ್ಲ. ಯೋಚನೆ ಮಾಡುವುದಕ್ಕೂ ಬಿಡುವಿರಲಿಲ್ಲ. ಎದ್ದಳು. ಬಾಗಿಲಿಗೆ ಕೈ ಇಟ್ಟಳು. ಆಗ ಒಂದು ಕೆಮ್ಮು, ಒಂದೇ ಒಂದು, ಹಿಡಿತ ತಪ್ಪಿ ಹೊರಬಿತ್ತು. ಬಾಗಿಲು ಕಿರ್ ಎಂದಿತು. ಉಣ್ಣೆಯ ಬಾಗಿಲು ಬೆನ್ನ ಹಿಂದೆ ಮುಚ್ಚಿಕೊಳ್ಳುವಾಗ ಕೊಂಬಿನ ಮೊದಲ ಸ್ವರ ಎದ್ದದ್ದು ಕೇಳಿಸಿತು. ಅಷ್ಟೇ. ಆಮೇಲೆ ಬರೀ ಅಂಗಾಲಿನ ಗುಡುಗು.

ಕೋಟುಗಳ ಕೋಣೆ ದಾಟಿ, "ಏನಾಯ್ತೇ?" ಎಂದ ನಿಕಾಸಿಯಾಳಿಗೆ ಕೈಬೀಸಿ, ಅವಳು ಬೀದಿಗೆ ಧಾವಿಸಿದಳು. ಕೆಮ್ಮಿದಳು, ಮನಸಾರೆ ಕೆಮ್ಮಿದಳು. ತಲೆಯೆತ್ತಿದಾಗ ಮಂಜು ಮೇಲೇಳುತ್ತಿತ್ತು. ಎಲ್ಲೋ ಸೂರ್ಯನಿದ್ದ, ಹಾಲಿನಲ್ಲಿ ಕದಡಿದ ಅರಿಸಿನದಂತೆ. ಮನೆಯ ತೇವ ಆರಲೆಂದು ಜನ ಕಿಟಕಿಗಳನ್ನು ತೆರೆದಿಟ್ಟಿದ್ದರು. ಎದುರಿನ ಕಿಟಕಿಯೊಳಗಿನ ರೇಡಿಯೊದಿಂದ ಒರೊಸ್ಮಾನ್ ಹರಿದು ಬರುತ್ತಿದ್ದ.

ಸೆಲೆದೋನಿಯಾ ಗೋಡೆಗೆ ಒರಗಿ ನಿಂತಳು. ಎರಡು ಉಸಿರಿನಷ್ಟು ಹೊತ್ತು ಕೇಳಿದಳೋ ಇಲ್ಲವೋ, ಮತ್ತೆ ಕೆಮ್ಮು.

"ಶ್!" ಒಳಗಿನಿಂದ ಒಂದು ಹೆಂಗಸಿನ ದನಿ. "ಯಾರದು ಕಿಟಕಿ ಹತ್ರ? ಕೊಂಬು ನುಡೀತಾ ಇದೆ, ಗೊತ್ತಾಗಲ್ವಾ?"

ಗೊತ್ತಾಗುತ್ತಮ್ಮ, ಊದುತ್ತಿರುವವನು ನನ್ನ ಗಂಡ ಎನ್ನಬೇಕೆಂದು ಬಾಯಿ ತೆರೆದರೆ ಬಂದದ್ದು ಇನ್ನೊಂದು ಕೆಮ್ಮು. ಶಾಲಿನಿಂದ ಬಾಯಿ ಮುಚ್ಚಿಕೊಂಡು ಮುಂದಕ್ಕೆ ಸರಿದಳು.

ಮುಂದಿನದು ಕ್ಷೌರದಂಗಡಿ. ಭಾನುವಾರ ಬಾಗಿಲು ಅರ್ಧ ಎಳೆದು ನಾಲ್ಕೈದು ಗಂಡಸರು ರೇಡಿಯೊ ಸುತ್ತ ಕುಳಿತಿದ್ದರು. ಒಬ್ಬನ ಮುಖದ ತುಂಬ ಸೋಪಿನ ನೊರೆ. ಕ್ಷೌರಿಕನ ಕತ್ತಿ ಗಾಳಿಯಲ್ಲೇ ನಿಂತಿತ್ತು. ಹಾಡು ಮೇಲೇರುತ್ತಿತ್ತು, ಯಾರೋ ಮೆಟ್ಟಿಲು ಹತ್ತಿ ಹತ್ತಿ ಹೊಳೆ ಕಾಣುವ ಕಿಟಕಿಗೆ ಬಂದಂತೆ. ಸೆಲೆದೋನಿಯಾ ಕೆಮ್ಮಿದಳು.

"ಅಮ್ಮಾ, ಸ್ವಲ್ಪ ಆಚೆ ಹೋಗಿ ಕೆಮ್ಮಿ!" ಎಂದ ನೊರೆಯವನು, ತಲೆ ತಿರುಗಿಸದೆ. "ದೋನ್ಯಾ ಸೆಲೆ ಹತ್ರ ಎರಡು ಪೆಪ್ಪರಮೆಂಟು ಇಸ್ಕೋಬಾರದಾ?"

ಅಳು ಬಂತೋ ನಗು ಬಂತೋ, ಅಂತೂ ಓಡಿದಳು. ಆದರೆ ಹಾಡು ಅವಳನ್ನು ಬಿಡಲಿಲ್ಲ. ಕ್ಷೌರದಂಗಡಿಯಲ್ಲಿ ಬಿಟ್ಟ ಸ್ವರವನ್ನು ಬೇಕರಿಯ ಮೇಲಿನ ಕಿಟಕಿ ಎತ್ತಿಕೊಂಡಿತು. ಅಲ್ಲಿ ಅವನು ಚಿಕ್ಕದೊಂದು ಉಸಿರು ತೆಗೆದುಕೊಂಡ. ಅವಳಿಗೆ ಸ್ಪಷ್ಟವಾಗಿ ಕೇಳಿಸಿತು. ಬೇಕರಿ ಬಿಟ್ಟದ್ದನ್ನು ಒಂದು ಅಡುಗೆಮನೆ ಹಿಡಿಯಿತು. ಒಳಗೆ ಸಾರು ಕದಡುತ್ತಿದ್ದ ಸೌಟು ನಿಂತಿತ್ತು, ಸಾರು ಮಾತ್ರ ಗುಳುಗುಳು ಎನ್ನುತ್ತಿತ್ತು. ಪ್ರತಿ ಕಿಟಕಿಯಲ್ಲೂ ಅವನೇ. ಒಬ್ಬನೇ ಗಂಡ ಇಷ್ಟೊಂದು ಮನೆಗಳಲ್ಲಿ! ಎಲ್ಲ ಕಿಟಕಿಗಳೂ ಅವಳನ್ನು ಶ್ ಎಂದು ಅಟ್ಟುತ್ತಿದ್ದವು, ಅಟ್ಟಿದ ಹಾಗೆಲ್ಲ ಅವಳು ಹಾಡಿನ ಜೊತೆಜೊತೆಗೇ ನಡೆಯುತ್ತಿದ್ದಳು. ನಿಂತು ಕೇಳುವ ಸಂಗೀತವಲ್ಲ ಇದು. ಕೈಹಿಡಿದು ಕರೆದುಕೊಂಡು ಹೋಗುವಂಥದ್ದು.

ಆಮೇಲೆ ಉಣ್ಣೆ ಗೋದಾಮಿನ ಗೋಡೆ ಬಂತು. ಇಡೀ ಬೀದಿಯುದ್ದ ಗೋಡೆ, ಒಂದು ಕಿಟಕಿಯಿಲ್ಲ. ಇನ್ನೊಂದು ಬದಿಗೆ ಖಾಲಿ ಜಾಗ. ಹಾಡು ನಿಂತುಹೋಯಿತು.

ಹಿಂದಕ್ಕೆ ಹೋಗುವುದೋ ಮುಂದಕ್ಕೋ? ಹಿಂದೆ ಅಟ್ಟುವವರು. ಮುಂದೆ, ಗೋಡೆ ಮುಗಿಯುವ ಹೊತ್ತಿಗೆ ಅವನ ಪಾಳಿಯೇ ಮುಗಿದಿದ್ದರೆ? ಕಾಲು ಮಾತ್ರ ನಿಲ್ಲಲಿಲ್ಲ. ನಡೆಯುತ್ತ ನಡೆಯುತ್ತ ಅಂಗಾಲಿನಲ್ಲಿ ಏನೋ ಮಿಡಿಯತೊಡಗಿತು. ದೊಡ್ಡ ಪಿಟೀಲುಗಳು. ಇಪ್ಪತ್ತನಾಲ್ಕು ವರ್ಷ ನೆಲದಿಂದ ಹತ್ತಿ ಬಂದ ಆ ಗುಡುಗು ಅಲ್ಲೇ ಇತ್ತು, ಎಲ್ಲಿಗೂ ಹೋಗಿರಲಿಲ್ಲ. ಅದರ ಮೇಲೆ ಅವಳು ಬಚ್ಚಲ ಹಿಂದಿನ ಒಂದು ಚೂರನ್ನು ಇಟ್ಟು ನೋಡಿದಳು. ಕುಳಿತುಕೊಂಡಿತು. ಇನ್ನೊಂದನ್ನು ಇಟ್ಟಳು. ಬಟ್ಟೆ ಒಗೆಯುವಾಗ ಕೇಳಿದ್ದು, ಮೀನು ಸೀಳುವಾಗ ಕೇಳಿದ್ದು, ಜಗಳವಾಡಿ ಮೂರು ದಿನ ಮಾತುಬಿಟ್ಟಿದ್ದಾಗ ಕೇಳಿದ್ದು. ಒಂದೊಂದೂ ತನ್ನ ಜಾಗ ಹುಡುಕಿಕೊಂಡು ಹೋಗಿ ಕುಳಿತಿತು. ಮಂಜಿನೊಳಗೆ ಗೋಡೆಯೂ ಇರಲಿಲ್ಲ, ಬೀದಿಯೂ ಇರಲಿಲ್ಲ. ಸಾಲಾಗಿ ತೂಗುಬಿಟ್ಟ ಕೋಟುಗಳು ತೋಳು ಬೀಸಿ ದಾರಿ ಬಿಡುತ್ತಿದ್ದವು, ಆ ಕೊನೆಯಲ್ಲಿ ಒಬ್ಬ ಪ್ರಾಯದ ಹುಡುಗ ಕೊಂಬು ಹಿಡಿದು ನಿಂತಿದ್ದ. ತಾನು ಗುನುಗುತ್ತಿದ್ದೇನೆಂದು ಅವಳಿಗೇ ಗೊತ್ತಿರಲಿಲ್ಲ. ಆ ಗೋಡೆಯುದ್ದಕ್ಕೂ ಒಂದು ಕೆಮ್ಮೂ ಬರಲಿಲ್ಲ.

ಗೋಡೆ ಮುಗಿಯಿತು. ಮೂಲೆಮನೆಯ ಕಿಟಕಿ ತೆರೆದಿತ್ತು. ಅಲ್ಲಿ ರೇಡಿಯೊ ಇತ್ತು. ರೇಡಿಯೊದ ಕೊಂಬು ಮತ್ತು ಅವಳ ಗುನುಗು ಒಂದೇ ಸ್ವರದ ಮೇಲೆ ನಿಂತಿದ್ದವು.

ಅವಳು ಗುನುಗು ನಿಲ್ಲಿಸಿದಳು. ಅವನು ಮುಂದುವರಿದ.

ಸಿಂಫನಿ ಮುಗಿಯುವಷ್ಟರಲ್ಲಿ ಅವಳು ಕೋಟುಗಳ ಕೋಣೆಗೆ ಹಿಂದಿರುಗಿದ್ದಳು. ಕೆಂಪು ದೀಪ ಆರಿತು, ಜನ ನುಗ್ಗಿದರು. ನಿಕಾಸಿಯಾ ಅಷ್ಟರಲ್ಲಾಗಲೇ ಬಿಲ್ಲೆಗಳನ್ನು ಕಲಸಿಬಿಟ್ಟಿದ್ದಳು. ಮೇಯರನ ಹೆಂಡತಿ ಪಾದ್ರಿಗಳ ಕೋಟಿನೊಳಗೆ ಅರ್ಧ ಹೊಕ್ಕಿದ್ದಳು. ಎಲ್ಲ ಸರಿಮಾಡಿ, ಕೊನೆಯ ಕೊಡೆಯನ್ನೂ ಕೊಟ್ಟು ತಿರುಗಿದರೆ ಒರೊಸ್ಮಾನ್ ಪೆಟ್ಟಿಗೆ ಹಿಡಿದು ನಿಂತಿದ್ದ. ಮುಖ ಬಾಡಿತ್ತು.

"ಕುರ್ಚಿ ಖಾಲಿ ಇತ್ತು," ಎಂದ.

"ಕೆಮ್ಮು ಬಂತು."

"ಕೇಳಿಸ್ತು. ಆ ಕೆಮ್ಮು ಯಾರದು ಅಂತ ನನಗೆ ಗೊತ್ತಾಗಲ್ವಾ? ಕೊಂಬು ತುಟಿಗೆ ಇಟ್ಟಿದ್ದೆ. ಬಾಗಿಲು ಕಿರ್ ಅಂತು. ಸರಿ, ಮುದುಕಿ ಬೀದಿಗೆ ಹೋದಳು, ಬೀದಿಗೆ ಕೇಳೋ ಹಾಗೆ ಊದೋಣ ಅಂತ ಊದಿದೆ. ಮೆಲ್ಲಗೆ ಅಂತ ಬರೆದಿದೆ ಸ್ವರದ ಹಾಳೇಲಿ. ನಿರ್ದೇಶಕರು ಕಣ್ಣಲ್ಲೇ ನನ್ನ ಕೊಂದ್ರು." ಪೆಟ್ಟಿಗೆ ಕೆಳಗಿಟ್ಟು ಸ್ಟೂಲಿನ ಮೇಲೆ ಕುಳಿತ. "ಕೊನೆಗೂ ನೀನು ಕೇಳಲಿಲ್ಲ."

"ಬೇಕರಿ ಎದುರು ಉಸಿರು ತಗೊಂಡೆ ನೀನು."

"ಏನು?"

"ಮೇಲೆ ಹತ್ತಿ ಇಳಿಯೋ ಮುಂಚೆ. ಬಚ್ಚಲ ಹಿಂದೆ ಊದುವಾಗ ಅಲ್ಲಿ ಉಸಿರು ತಗೊಳ್ಳಲ್ಲ. ಇವತ್ತು ತಗೊಂಡೆ."

ಒರೊಸ್ಮಾನ್ ತಲೆಯೆತ್ತಿದ. "ಇಲ್ಲ. ಅಲ್ಲಿ ಯಾರೂ ಉಸಿರು ತಗೊಳ್ಳಲ್ಲ. ತಗೋಬಾರದು."

"ತಗೊಂಡೆ."

"ತಗೊಳ್ಳಲಿಲ್ಲ."

"ಬೇಕರಿಯವಳನ್ನ ಕೇಳೋಣವಾ?"

ಅವನು ಭುಜ ಅಲ್ಲಾಡಿಸಿ ನಗಲು ಶುರುಮಾಡಿದ. ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಜೋರಾಗಿ ಊದಿದ್ದಕ್ಕೆ ಗಾಳಿ ಸಾಲಲಿಲ್ಲ ಕಣೇ," ಎಂದ. "ಹಾಳು ಮುದುಕಿ, ಇಡೀ ದೇಶದಲ್ಲಿ ನಿನಗೊಬ್ಬಳಿಗೇ ಗೊತ್ತಾಗಿದ್ದು."

ಆ ಮಧ್ಯಾಹ್ನ ಅವರು ಕುದಿಯುವ ಮಾಟೆ ಕುಡಿದರು. ಇನ್ನು ತುಟಿ ಕಾಯಬೇಕಾಗಿರಲಿಲ್ಲ.

ಟೇಪು ಹಿಡಿದಿದ್ದವನು ಎರಡು ದಿನದ ಮೇಲೆ ಮನೆಗೆ ಬಂದ. ರಾಜಧಾನಿಯವರು ಮೆಚ್ಚಿದ್ದಾರೆ, ತಿಂಗಳಿಗೊಂದು ಭಾನುವಾರ ಖಂಡಿತ, ಆದರೆ ಎರಡನೆಯ ಭಾಗದ ಶುರುವಿನಲ್ಲಿ ಒಂದು ಕೆಮ್ಮು ಇದೆ, ಬಾಗಿಲಿನ ಸದ್ದೂ ಇದೆ. ಕತ್ತರಿಸಿ ಅಂಟಿಸಿದರೆ ಗೊತ್ತೇ ಆಗದು, ಕತ್ತರಿಸಲೇ ಎಂದು ಕೇಳಿದ. ಸೆಲೆದೋನಿಯಾ ನಾಚಿಕೆಯಿಂದ ಒಳಗೆ ಹೋದಳು.

"ಅದನ್ನ ಕತ್ತರಿಸೋದಾದರೆ," ಎಂದ ಒರೊಸ್ಮಾನ್ ಹೊರಗೆ, "ಅದರ ಹಿಂದೆ ಬರೋ ಕೊಂಬನ್ನೂ ಕತ್ತರಿಸು."

ಕತ್ತರಿಸಲಿಲ್ಲ.

ಒರೊಸ್ಮಾನ್ ಇನ್ನೂ ಹನ್ನೊಂದು ವರ್ಷ ಬದುಕಿದ. ಅವನ ಜಾಗಕ್ಕೆ ಅಂಚೆ ವಿಂಗಡಿಸುವ ಒಬ್ಬಳು ಬಂದಳು. ಚೆನ್ನಾಗಿ ಊದುತ್ತಿದ್ದಳು, ಉಸಿರು ತೆಗೆದುಕೊಳ್ಳಬಾರದ ಕಡೆ ತೆಗೆದುಕೊಳ್ಳುತ್ತಿರಲಿಲ್ಲ. ಸೆಲೆದೋನಿಯಾ ಕೋಟುಗಳ ಕೆಲಸ ಬಿಟ್ಟರೂ ಪೆಪ್ಪರಮೆಂಟು ಬಿಡಲಿಲ್ಲ. ಶನಿವಾರ ಮಾಡಿ ಕಳಿಸುತ್ತಿದ್ದಳು.

ಪ್ರತಿ ವರ್ಷ ಆಗಸ್ಟಿನಲ್ಲಿ ಸಾಂತಾ ರೀತಾದ ರೇಡಿಯೊ ಆ ಹಳೆಯ ಟೇಪನ್ನು ಹಾಕುತ್ತದೆ. ಅವಳು ಕಿಟಕಿ ತೆರೆದು, ಒಲೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂರುತ್ತಾಳೆ. ನಿಕಾಸಿಯಾಳೂ ಬರುತ್ತಾಳೆ, ಈಗ ಅವಳಿಗೆ ಕಿವಿ ಅಷ್ಟಾಗಿ ಕೇಳದು. ದೊಡ್ಡ ಪಿಟೀಲುಗಳು ಕತ್ತಲ ನೀರಿನಂತೆ ತುಂಬಿಕೊಳ್ಳುತ್ತವೆ. ಆಮೇಲೆ ಒಂದು ಕೆಮ್ಮು. ಬಾಗಿಲು ಕಿರ್ ಎನ್ನುತ್ತದೆ. ಅದರ ಹಿಂದೆಯೇ ಕೊಂಬು, ಬರೆದಿದ್ದಕ್ಕಿಂತ ಒಂದು ಪಾಲು ಜೋರಾಗಿ.

"ಬಂದಳು ನೋಡು," ಎನ್ನುತ್ತಾಳೆ ನಿಕಾಸಿಯಾ, ಪ್ರತಿ ವರ್ಷವೂ. "ಗಂಡ ಬಾಯಿ ತೆಗೆಯೋ ಮುಂಚೆ ಇವಳು ಬಾಯಿ ಹಾಕಲೇಬೇಕು."

"ಶ್!" ಎನ್ನುತ್ತಾಳೆ ಸೆಲೆದೋನಿಯಾ. "ಉಸಿರಿನ ಜಾಗ ಬಂತು."